ಮುಂದಿನ ತುಂಡು ಯಾರದು?

ದಾಂಡೇಲಿ
5 ನವೆಂಬರ್ 2023

ಪ್ರೀತಿಯ ಮಾರ್ಗರೀಟಾ,

ಈ ಪತ್ರ ತಂದವರು ದುರ್ಗಪ್ಪ. ನಮ್ಮ ಮನೆಯವರ ವರ್ಕ್‌ಶಾಪಿನಲ್ಲಿ ತಯಾರಾಗುವ ಸೇತುವೆಯ ಕಬ್ಬಿಣದ ಸಾಮಾನು ಹೊತ್ತು ಅವರ ಟೆಂಪೋ ಆಗಾಗ ನಿಮ್ಮ ಕಾಡಿಗೆ ಬರುತ್ತಿರುತ್ತದೆ. ನಿಮ್ಮ ವಾಡೆಯ ಮನೆಗಳಲ್ಲಿ ಫೋನಿಗೆ ರೇಂಜ್ ಇಲ್ಲವೆಂದು ಮಗಳು ಜಾಸ್ಮಿನ ಹೇಳಿದಳು. ಆದ್ದರಿಂದ ಇನ್ನು ದುರ್ಗಪ್ಪನವರೇ ನಮ್ಮ ಅಂಚೆ.

ಹಳಿಯಾಳದ ಹಾಸ್ಟೆಲ್ ಬಿಟ್ಟ ಮೇಲೆ ನಾನು ನಿನಗೆ ಪತ್ರ ಬರೆದಿಲ್ಲ. ನೀನು ನನ್ನ ಮದುವೆಗೆ ತವರೂರು ಪಾಳಾಕ್ಕೆ ಬಂದಿದ್ದೆ. ನಿನ್ನ ಮದುವೆಯ ಹೊತ್ತಿಗೆ ನಾನು ಧಾರವಾಡದಲ್ಲಿ ಎಂ.ಎ. ಪರೀಕ್ಷೆಗೆ ಕೂತಿದ್ದೆ. ಆದರೂ ಮಗಳಿಗೆ ಕಾಡಿನ ನಡುವೆ ಉಳಿಯಲು ಒಂದು ಮನೆ ಬೇಕೆಂದಾಗ ನಿನ್ನ ಹೆಸರೇ ಬಾಯಿಗೆ ಬಂತು. ನೀನು ಹೂಂ ಎಂದೆ. ಅದಕ್ಕೆ ಋಣಿ.

ಇಂಜಿನಿಯರ್ ಆಗಿ ಇದು ಅವಳ ಮೊದಲ ಕೆಲಸ. ಪ್ರವಾಸಿಗರಿಗಾಗಿ ಕಾಡಿನ ಉದ್ಯಾನದಲ್ಲಿ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿಸುವುದೆಂದರೆ ಸಣ್ಣ ಮಾತಲ್ಲ. ಮಳೆಗಾಲದೊಳಗೆ ಮುಗಿಯಬೇಕಂತೆ. ಬದನೆಕಾಯಿ ಅವಳಿಗೆ ಸೇರುವುದಿಲ್ಲ. ಕತ್ತಲಲ್ಲಿ ನಿದ್ದೆ ಬರುವುದಿಲ್ಲ, ಒಂದು ಸಣ್ಣ ದೀಪ ಉರಿಯುತ್ತಿರಲಿ. ಉಳಿದದ್ದೆಲ್ಲ ಅವಳೇ ನನಗೆ ಬರೆಯುತ್ತಾಳೆ. ನನ್ನಿಂದ ಏನನ್ನೂ ಮುಚ್ಚಿಡುವ ಹುಡುಗಿಯಲ್ಲ ಅವಳು.

ನಿನ್ನ
ರಹೀಮುನ್ನಿಸಾ


ಜೋಯಿಡಾ ತಾಲೂಕು
19 ನವೆಂಬರ್ 2023

ರಹೀಮಾ,

ನಿನ್ನಂಗ ಬರೀಲಿಕ್ಕೆ ನನಗ ಬರೂದಿಲ್ಲ. ಮಾತಾಡಿದಂಗ ಬರೀತೇನಿ. ನೀ ಈಗ ಸಾಲಿ ಅಕ್ಕೋರು, ಕೆಂಪು ಶಾಯಿಲೆ ತಿದ್ದಿ ತಿರುಗಿ ಕಳಸಬ್ಯಾಡ.

ನಿನ್ನ ಮಗಳು ಬದನಿಕಾಯಿ ತಿನ್ನೂದಿಲ್ಲ ಅಂದ್ಯಲ್ಲ. ನಿನ್ನಿ ಎರಡು ಸಲ ಹಾಕಿಸಿಕೊಂಡ್ಲು. ದೀಪದ ಚಿಂತೀನೂ ಬಿಡು. ನಮ್ಮಲ್ಲಿ ಕರೆಂಟು ತನ್ನ ಮನಸಿಗೆ ಬಂದಾಗ ಹೋಗತೈತಿ, ಆಕಿ ಗೊರಕೀ ಹೊಡಕೋತ ಮಲಗಿರತಾಳ.

ನನ್ನ ಗಂಡ ಲುಯಿಸನೂ ಅದ ಕೆಲಸಕ್ಕ ಹೋಗತಾನ. ಮರಾ ಹತ್ತಿ ಹಗ್ಗಾ ಕಟ್ಟೂದು. ಜೇನಿಗೆ ಹತ್ತಿದ್ರ ನೀ ಬೈತಿದ್ದಿ, ಈಗ ಹತ್ತಿದ್ದಕ್ಕ ಪಗಾರ ಬರತೈತಿ ನೋಡು ಅಂತ ನನಗ ಚಾಷ್ಟಿ ಮಾಡತಾನ. ವಾಡ್ಯಾಗ ಎಲ್ಲಾರೂ ಅದಕ್ಕ ಮಂಗ್ಯಾನ ದಾರಿ ಅಂತ ಹೆಸರಿಟ್ಟಾರ. ಜಾಸ್ಮಿನ ಸಿಟ್ಟಿಗೇಳತಾಳ, ಆಮ್ಯಾಲ ತಾನೂ ಹಂಗ ಅಂತಾಳ.

ಇನ್ನೊಂದು. ಆಕಿಗೆ ಒಂದು ಕವದಿ ಹೊಲ್ಯಾಕ ಕುಂತೇನಿ. ನಮ್ಮ ಕವದಿ ನಿನಗ ಗೊತ್ತೈತಿ, ಹಾಸ್ಟೆಲಿನ್ಯಾಗ ಚಳಿಗೆ ನನ್ನ ಕವದಿಯೊಳಗ ಕಾಲು ತೂರಸತಿದ್ದಿ. ಹಳೇ ಬಟ್ಟಿ ತುಂಡು ಅಂಚಿನಿಂದ ಸುತ್ತಿಕೋತ ಸುತ್ತಿಕೋತ ಒಳಗ ಬರೂದು, ಕಡೀಗೆ ಬಂದದ್ದು ನಟ್ಟನಡುವ ಬೀಳತೈತಿ. ನಾಕು ಮೂಲಿಗೆ ಬಟ್ಟಿ ಮಡಚಿ ಮಾಡಿದ ಹೂ ಇಡಬೇಕು. ಅಂಗಡಿ ಬಟ್ಟಿ ನಡಿಯೂದಿಲ್ಲ. ಯಾರು ಹೊದಿತಾರೋ ಅವರಿಗೆ ಬೇಕಾದವರ ಮೈಮ್ಯಾಲಿನ ಬಟ್ಟೀನ ಆಗಬೇಕು. ಆಕಿ ಸಣ್ಣಾಕಿದ್ದಾಗಿನ ಒಂದು ಅಂಗಿ ಇದ್ರ ದುರ್ಗಪ್ಪನ ಕೈಯಾಗ ಕೊಡು. ಹರದಿದ್ರೂ ನಡೀತೈತಿ. ನಡುವಿನ ಜಾಗಾ ಅದಕ್ಕಂತ ಬಿಡತೇನಿ.

ಮಾರ್ಗೀ


ಜೋಯಿಡಾ ತಾಲೂಕು
10 ಡಿಸೆಂಬರ್ 2023

ಅಮ್ಮೀ,

ಮೊದಲನೆಯ ಎರಡು ಮರಗಳಿಗೆ ಅಟ್ಟಣೆ ಕೂತಿದೆ. ಒಂದು ಮತ್ತಿ, ಇನ್ನೊಂದು ಕಿಂದಳ. ಮರಕ್ಕೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಅಬ್ಬಾ ಮಾಡಿಕೊಟ್ಟ ಕಬ್ಬಿಣದ ಪಟ್ಟಿಯನ್ನು ಸುತ್ತಿ, ಪಟ್ಟಿಗೂ ತೊಗಟೆಗೂ ನಡುವೆ ಕಟ್ಟಿಗೆಯ ತುಂಡು ಇಡುತ್ತೇವೆ. ವರ್ಷಕ್ಕೊಮ್ಮೆ ಬೋಲ್ಟು ಸಡಿಲಿಸಬೇಕು. ಇಲ್ಲದಿದ್ದರೆ ಮರ ದಪ್ಪವಾದಂತೆ ಪಟ್ಟಿ ಮೈಯೊಳಗೆ ಹೂತುಹೋಗುತ್ತದೆ. ಈ ಸಲದ ಬೋಲ್ಟು ಗಿಡ್ಡವಾಗಿವೆ ಎಂದು ಅಬ್ಬಾಗೆ ಹೇಳು, ಬೈಯಬೇಡ.

ಮೇಲೆ ಹತ್ತುವವರು ಬೇರೆ ಇದ್ದಾರೆ. ನೀನು ಚಿಂತಿಸಬೇಡ.

ಮಾಯ್ ನಿನ್ನ ಹಾಸ್ಟೆಲಿನ ಕಥೆ ಹೇಳಿ ನಗಿಸುತ್ತಾರೆ. ವಾರ್ಡನ್ ನಡೆಯುವಂತೆ ನಡೆದು ತೋರಿಸುತ್ತಿದ್ದೆಯಂತೆ. ನೀನಾ? ಇಲ್ಲಿ ಎಲ್ಲರೂ ಮಾರ್ಗರೀಟಾ ಅವರನ್ನು ಮಾಯ್ ಅನ್ನುತ್ತಾರೆ, ನನಗೂ ರೂಢಿಯಾಗಿಬಿಟ್ಟಿದೆ. ಸಂಜೆ ಮಾಯ್ ಒಲೆ ಮುಂದೆ ಕೂತು ಕವದಿ ಹೊಲಿಯುತ್ತಾರೆ, ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತೇನೆ.

ಕ್ರಿಸ್‌ಮಸ್‌ಗೆ ರಜೆ ಇದೆ. ಮನೆಗೆ ಬರಬೇಕೆಂದಿದ್ದೆ. ಆದರೆ ಇಲ್ಲಿ ರಾತ್ರಿ ಹಾಡು, ಕುಣಿತ ಇರುತ್ತದಂತೆ. ಇರಲೇ?

ನಿನ್ನ
ಜಾಸ್ಮಿನ


ದಾಂಡೇಲಿ
28 ಡಿಸೆಂಬರ್ 2023

ಶ್ರೀಮತಿ ಮಾರ್ಗರೀಟಾ ಅವರಿಗೆ,

ಹಬ್ಬ ಚೆನ್ನಾಗಿ ಆಯಿತೆಂದು ದುರ್ಗಪ್ಪ ಹೇಳಿದರು. ಜಾಸ್ಮಿನ ಕುಣಿದಳಂತೆ. ಅವಳು ಕುಣಿಯುವುದನ್ನು ನಾನು ನೋಡಿಲ್ಲ. ದುರ್ಗಪ್ಪ ನೋಡಿದ್ದಾರೆ.

ಅವಳ ಅಬ್ಬಾ ರಜೆಗೆಂದು ಹುಂಜ ತಂದಿದ್ದರು. ಅದು ಇನ್ನೂ ಅಂಗಳದಲ್ಲಿ ಓಡಾಡಿಕೊಂಡಿದೆ.

ನನಗೆ ಕೊಂಕಣಿ ಬಾರದು. ಆದರೆ ಮಾಯ್ ಎಂದರೆ ತಾಯಿ ಎನ್ನುವಷ್ಟು ಬರುತ್ತದೆ. ನೀವು ಅವಳಿಗೆ ತೋರುವ ವಿಶ್ವಾಸಕ್ಕೆ ಕೃತಜ್ಞತೆಗಳು. ಆದರೆ ಹುಡುಗಿ ಕೆಲಸ ಕಲಿಯಲು ಬಂದವಳು ಎನ್ನುವುದು ನೆನಪಿರಲಿ. ಅವಳ ಪತ್ರಗಳಲ್ಲಿ ಈಗ ಸೇತುವೆಗಿಂತ ನಿಮ್ಮ ಅಡುಗೆಮನೆಯ ಸುದ್ದಿಯೇ ಹೆಚ್ಚಾಗಿದೆ.

ಬಟ್ಟೆ ಕೇಳಿದ್ದಿರಿ. ಅವಳ ಚಿಕ್ಕಂದಿನ ಬಟ್ಟೆ ಒಂದೂ ಉಳಿದಿಲ್ಲ. ಎಲ್ಲ ಆಗಲೇ ಯಾರ್ಯಾರಿಗೋ ಕೊಟ್ಟದ್ದಾಯಿತು.

ಇತಿ
ರಹೀಮುನ್ನಿಸಾ


ಜೋಯಿಡಾ ತಾಲೂಕು
14 ಜನವರಿ 2024

ರಹೀಮಾ,

ಶ್ರೀಮತಿ ಅಂತ ಬರದ್ಯಲ್ಲ, ಲುಯಿಸಗ ಓದಿ ತೋರಸಿದ್ನಿ. ಇನ್ನ ಮ್ಯಾಲ ಶ್ರೀಮತಿ ಅವರ, ಚಾ ಹಾಕ್ರಿ ಅಂತಾನ.

ಮಾಯ್ ಅನ್ನೂದಕ್ಕ ಇಷ್ಟು ಸಂಕಟ ಯಾಕ? ನಮ್ಮಲ್ಲಿ ನಾಯಿಗೆ ಅನ್ನಾ ಹಾಕಾಕಿಗೂ ಮಾಯ್ ಅಂತಾರ.

ಮಗಳು ನನ್ನಿಂದ ಏನೂ ಮುಚ್ಚಿಡೂದಿಲ್ಲ ಅಂತ ನೀ ಬರದಿದ್ದಿ. ಹಂಗಾರ ಇದು ನಿನಗ ಗೊತ್ತಿರಬೇಕು. ಗೊತ್ತಿಲ್ಲಂದ್ರ ಈಗ ತಿಳಕೋ, ತಾಯಿ ಅಂದಮ್ಯಾಲ ತಿಳದಿರಬೇಕು ಅಂತ ಬರೀತೇನಿ. ಜಾಸ್ಮಿನಗ ಎತ್ತರ ಅಂದ್ರ ಅಂಜಿಕಿ ಐತಿ. ಬಂದ ಹೊಸದ್ರಾಗ ಅಟ್ಟಣಿ ನೋಡಾಕ ಏಣಿ ಹತ್ತಿ ಇಳದು ಬಂದಾಕಿ, ಅಡಗಿಮನಿ ಹಿಂದ ಹೋಗಿ ಕಾರಿಕೊಂಡ್ಲು. "ಮಾಯ್, ಅಮ್ಮೀಗೆ ಹೇಳಬ್ಯಾಡ್ರಿ, ಇವತ್ತ ಬಸ್ ಹತ್ತಿ ಬಂದ ಬಿಡ್ತಾಳ" ಅಂದ್ಲು. ಮ್ಯಾಲಿನವರಿಗೂ ಗೊತ್ತಿಲ್ಲ. ಗೊತ್ತಾದ್ರ ಆಫೀಸಿನ್ಯಾಗ ಕುಂದರಸತಾರ. ಆಕಿಗೆ ತಾ ಕಟ್ಟಿದ್ದರ ಮ್ಯಾಲ ತಾ ನಡೀಬೇಕು ಅಂತ ಒಂದ ಹಟಾ.

ಅದಕ್ಕ ನಾ ಒಂದು ಉಪಾಯ ಮಾಡೇನಿ. ಕವದಿಗೆ ವಾಡ್ಯಾಗಿನ ಎಲ್ಲಾರೂ ಬಟ್ಟಿ ಕೊಟ್ಟಾರ, ಯಾವ ತುಂಡು ಯಾರದು ಅಂತ ಆಕಿಗೆ ಪೂರಾ ಬಾಯಿಪಾಠ. ಮುಂಜಾನೆ ಕೆಲಸದವರು ಬರೂದ್ರಾಗ ಇಬ್ಬರೂ ಹೋಗತೇವಿ. ಸೊಂಟಕ್ಕ ಪಟ್ಟಾ ಹಾಕೊಂಡು, ಅದರ ಕೊಂಡಿ ತಂತಿಗೆ ಸಿಗಿಸಿ, ಹಲಗಿ ಮ್ಯಾಲ ನಿಂದರತಾಳ. ನಾ ಕೆಳಗ ನಿಂತು ಕೂಗತೇನಿ, "ಮುಂದಿನ ತುಂಡು ಯಾರದು?" "ಮಾಲವ್ವಜ್ಜಿ ಹಸರ ಸೀರಿ" ಅಂತಾಳ, ಒಂದು ಹೆಜ್ಜಿ ಇಡತಾಳ. "ಮುಂದಿಂದು?" "ಲುಯಿಸ್ ಕಾಕಾನ ಚೌಕಡಿ ಲುಂಗಿ." ಇನ್ನೊಂದು ಹೆಜ್ಜಿ. ತುಂಡಿನ ಧ್ಯಾಸದಾಗ ಕೆಳಗ ನೋಡೂದು ಮರೀತಾಳ. ಒಮ್ಮೆ ಮೇಸ್ತ್ರಿ ಪರಸಪ್ಪ ಲಗೂನ ಬಂದು "ಏನವ್ವಾ, ಮರದ ಮ್ಯಾಲ ಬಟ್ಟಿ ಅಂಗಡಿ ತಗದೀರೇನು?" ಅಂದ. "ಹೌದು, ನಿನ್ನ ಚಡ್ಡಿಗೆ ಗಿರಾಕಿ ಹುಡಕಾಕತ್ತೇವಿ" ಅಂದ್ನಿ.

ನಡುತನಕಾ ಹೋಗತಾಳ, ತಿರುಗಿ ಬರತಾಳ. ನಡುವಿನ ತುಂಡು ಇನ್ನೂ ಹಚ್ಚಿಲ್ಲಲ್ಲ ಮಾಯ್ ಅಂತ ನೆವ ಹೇಳತಾಳ. ನೀ ಅಂಗಿ ಕಳಸಲಿಲ್ಲ. ಅಲ್ಲಿ ನನ್ನ ಸೀರೀನ ಹಚ್ಚಬೇಕು ಅಂತ ಮಾಡೇನಿ.

ನಾ ಹೇಳೇನಿ ಅಂತ ಆಕಿಗೆ ತಿಳೀಬಾರದು.

ಮಾರ್ಗೀ


ದಾಂಡೇಲಿ
21 ಜನವರಿ 2024

ಮಾರ್ಗರೀಟಾ,

ತಿಳಿಸಿದ್ದು ಒಳ್ಳೆಯದಾಯಿತು. ನೀನು ಹೇಳಿದ್ದೆಂದು ಅವಳಿಗೆ ಗೊತ್ತಾಗುವುದಿಲ್ಲ.

ಈ ಕೆಲಸದ ಮುಖ್ಯ ಇಂಜಿನಿಯರ್ ಸುಭಾಸ ನಮ್ಮ ಶಾಲೆಯವನೇ, ನನ್ನ ಹತ್ತಿರ ಕನ್ನಡ ಕಲಿತವನು. ಮೊನ್ನೆ ಕಬ್ಬಿಣ ನೋಡಲು ವರ್ಕ್‌ಶಾಪಿಗೆ ಬಂದವನು ಮನೆಗೂ ಬಂದು ಚಹಾ ಕುಡಿದು ಹೋದ. ಈಗಲೂ ನಾನು ಕೂರು ಎನ್ನುವವರೆಗೆ ಕೂರುವುದಿಲ್ಲ.

ನಿನ್ನ ಸೀರೆಯನ್ನು ಕತ್ತರಿಸುವ ತೊಂದರೆ ತೆಗೆದುಕೊಳ್ಳಬೇಡ.

ರಹೀಮುನ್ನಿಸಾ


ಜೋಯಿಡಾ ತಾಲೂಕು
11 ಫೆಬ್ರುವರಿ 2024

ರಹೀಮುನ್ನಿಸಾ,

ಜಾಸ್ಮಿನ ಹೋದ್ಲು. ನಿನಗ ಗೊತ್ತ ಇರಬೇಕು, ನಿನ್ನ ಮನ್ಯಾಗ ಅದಾಳ.

ಸುಭಾಸ ಸಾಹೇಬ್ರು ಎಲ್ಲಾರ ಎದುರಿಗೆ ಕರದು, "ನಿಮಗ ಎತ್ತರ ಆಗೂದಿಲ್ಲಂತಲ್ಲ, ಯಾಕ ಹೇಳಲಿಲ್ಲ? ನಾಳಿಂದ ಹಳಿಯಾಳದ ಆಫೀಸಿಗೆ ಬರ್ರಿ, ನಕ್ಷಾ ನೋಡ್ರಿ" ಅಂದ್ರಂತ. ಯಾರು ಹೇಳಿದ್ರು ಅಂದ್ರ ಹೇಳಲಿಲ್ಲಂತ.

ಮನಿಗೆ ಬಂದು ಬಾಗಲದಾಗ ನಿಂತ್ಲು. ಒಳಗ ಬರಲಿಲ್ಲ. "ಮಾಯ್, ನೀವು ಯಾರಿಗರೆ ಹೇಳೀರೇನು?" ಅಂದ್ಲು. ಏನ್ ಹೇಳಲಿ ನಾನು? ಇಲ್ಲ ಅಂದ್ರ ಸುಳ್ಳು. ಹೌದು, ನಿಮ್ಮ ಅಮ್ಮೀಗೆ ಹೇಳೇನಿ ಅಂದ್ರ ಮುಂದಿಂದು ಆಕೀನ ಕೂಡಿಸಿಕೋತಿದ್ಲು. ಸುಮ್ಮ ನಿಂತ್ನಿ. "ಸುಮ್ಮನಿದ್ರ ಹೌದು ಅಂತ ಅರ್ಥ" ಅಂದ್ಲು. ಅನ್ನಾ ಬಡಿಸಿಟ್ಟಿದ್ನಿ. ಮುಟ್ಟಲಿಲ್ಲ. ಕವದೀನೂ ಬಿಟ್ಟು ಹೋದ್ಲು.

ನಿನಗೊಂದ ಕೇಳತೇನಿ. ಸುಭಾಸಗ ಹೇಳಿದಾಕಿ ನೀನ ಹೌದಲ್ಲೋ?

ಮಾರ್ಗರೀಟಾ


ದಾಂಡೇಲಿ
3 ಮಾರ್ಚ್ 2024

ಮಾರ್ಗೀ,

ಹೌದು. ನಾನೇ.

ಮಗಳ ಜೀವಕ್ಕೆ ಹೆದರಿ ಹೇಳುತ್ತಿದ್ದೇನೆ ಎಂದು ಸುಭಾಸನಿಗೆ ಹೇಳಿದೆ. ನಿನಗೆ ಹಾಗೆ ಹೇಳಲಾರೆ. ಹೆದರಿಕೆಯೇ ಆಗಿದ್ದರೆ ನಿನ್ನ ಪತ್ರ ಓದಿದ ದಿನವೇ ಅಲ್ಲಿಗೆ ಓಡಿಬರಬೇಕಿತ್ತು. ನಾನು ಆ ಪತ್ರವನ್ನು ಮತ್ತೆ ಮತ್ತೆ ಓದಿದ್ದು ಒಂದೇ ಮಾತಿಗಾಗಿ: ಅಮ್ಮೀಗೆ ಹೇಳಬ್ಯಾಡ್ರಿ. ಅವಳು ಹೆದರಿದಾಗ ನಿನ್ನ ಅಡುಗೆಮನೆಯ ಹಿಂದೆ ಹೋದಳು. ಅವಳು ಕಾರಿಕೊಂಡದ್ದನ್ನು ನೀನು ನೋಡಿದೆ. ನನಗೆ ಬೋಲ್ಟು ಗಿಡ್ಡವಾಗಿವೆ ಎಂದು ಬರೆದಳು.

ತಲೆದಿಂಬಿನ ಪಕ್ಕ ಯಾವಾಗಲೂ ಒಂದು ಕವನ ಸಂಕಲನ ಇಟ್ಟುಕೊಳ್ಳುವವಳು ನಾನು. ವಿರಹದ ಬಗ್ಗೆ, ಸಾವಿನ ಬಗ್ಗೆ, ತಾಯ್ತನದ ಬಗ್ಗೆ ಎಷ್ಟೆಲ್ಲ ಓದಿದ್ದೇನೆ. ಮಗಳು ಇನ್ನೊಬ್ಬಳ ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡಳೆಂದು ಉರಿಯುವ ತಾಯಿಯನ್ನು ಯಾವ ಕವಿತೆಯಲ್ಲೂ ಕಂಡಿಲ್ಲ. ಬರೆಯಲು ಯಾರಿಗೂ ಮರ್ಯಾದೆಯೆನಿಸಿರಲಿಕ್ಕಿಲ್ಲ.

ಈಗ ಅವಳು ನನ್ನ ಹತ್ತಿರ ಇದ್ದಾಳೆ. ಬೆಳಿಗ್ಗೆ ಬಸ್ಸಿಗೆ ಹಳಿಯಾಳಕ್ಕೆ ಹೋಗುತ್ತಾಳೆ, ಸಂಜೆ ಬರುತ್ತಾಳೆ, ಉಣ್ಣುತ್ತಾಳೆ, ತನ್ನ ತಟ್ಟೆ ತೊಳೆದಿಡುತ್ತಾಳೆ. ಜಗಳವಿಲ್ಲ. ನಿನ್ನ ಹೆಸರು ಎತ್ತುವುದಿಲ್ಲ. ನಾನು ಬಯಸಿದ್ದು ಇದನ್ನೇ. ಮೊನ್ನೆ ಬದನೆಕಾಯಿ ಪಲ್ಯ ಮಾಡಿದೆ. ತಟ್ಟೆಯ ಅಂಚಿಗೆ ಸರಿಸಿ, "ನನಗ ಸೇರೂದಿಲ್ಲ ಅಂತ ಗೊತ್ತಿಲ್ಲೇನು ಅಮ್ಮೀ?" ಎಂದಳು.

ರಾತ್ರಿ ದೀಪ ಆರಿಸಿ ಮಲಗುತ್ತಾಳೆ.

ಹಾಸ್ಟೆಲಿನ ತಾರಸಿಗೆ ಬಟ್ಟೆ ಒಣಹಾಕಲು ನಾನು ಒಂದು ದಿನವೂ ಹತ್ತಲಿಲ್ಲ, ನೆನಪಿದೆಯೆ? ನನ್ನದನ್ನೂ ನೀನೇ ಹಾಕಿ ಬರುತ್ತಿದ್ದೆ. ಯಾರಿಗೂ ಹೇಳಲಿಲ್ಲ ನೀನು. ಇವಳ ಹೆದರಿಕೆ ನನ್ನಿಂದಲೇ ಬಂದದ್ದು. ಅದು ಹೊಳೆದಾಗ ನನಗೆ ಒಂದು ಗಳಿಗೆ ಸಂತೋಷವಾಯಿತು. ಅದಾದರೂ ನಿನ್ನದಲ್ಲ ಎಂದು.

ಅವಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಇಷ್ಟೂ ಇರುವುದಿಲ್ಲ.

ರಹೀಮಾ


ಜೋಯಿಡಾ ತಾಲೂಕು
17 ಮಾರ್ಚ್ 2024

ರಹೀಮಾ,

ನಿನ್ನ ಪತ್ರಾ ಬಂದಾಗ ಹರದು ಒಲಿಗೆ ಹಾಕಬೇಕು ಅನಿಸಿತ್ತು. ಹಾಕಲಿಲ್ಲ. ಯಾಕಂದ್ರ ನನಗೂ ಒಂದು ಹೇಳೂದೈತಿ.

ತಾಯಿ ಅಂದಮ್ಯಾಲ ತಿಳದಿರಬೇಕು ಅಂತ ಬರದಿದ್ನೆಲ್ಲ, ಅದು ಅರ್ಧಾ ಖರೇ. ಶ್ರೀಮತಿ ಅಂತ ನೀ ಬರದ ದಿನಾ ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದಿತ್ತು. ಆಕಿ ಬಗ್ಗೆ ನನಗ ಗೊತ್ತಿದ್ದದ್ದು ನಿನಗ ಗೊತ್ತಿಲ್ಲ ಅಂತ ತೋರಸಬೇಕಿತ್ತು. ತೋರಸಿದ್ನಿ. ಮಗಳು ಬಾಯಿ ಬಿಟ್ಟು ಹೇಳಿದ್ದನ್ನ ನಿನ್ನ ಮುಂದ ಮೆರಸಾಕ ಹೋಗಿ ಕಳಕೊಂಡ್ನಿ. ಬಾಗಲದಾಗ ಆಕಿ ಕೇಳಿದಾಗ ನಾ ಸುಮ್ಮನಿದ್ದದ್ದು ನಿನ್ನ ಉಳಸಾಕಲ್ಲ. ನನ್ನ ಮಾರಿ ತೋರಸಾಕ ಆಗಲಿಲ್ಲ.

ದುರ್ಗಪ್ಪ ಆಕಿಗೆ ನೀ ಬರದ ಪತ್ರಾ ತಂದಾಗೆಲ್ಲಾ ಆಕಿ ಹುಣಸಿಗಿಡದ ಕೆಳಗ ಕುಂತು ಓದತಿದ್ಲು. ಓದೂತನಕಾ ನಾ ಕರದ್ರೂ ಓ ಅನ್ನತಿರಲಿಲ್ಲ. ಅದನ್ನ ನಾ ನಿನಗ ಬರದೇನೇನು? ಬರೀಲಿಲ್ಲ.

ನಮ್ಮ ಮನ್ಯಾಗ ಕೂಸಿನ ಕವದಿ ಹೊಲಿಯೂ ಪ್ರಸಂಗ ಬರಲಿಲ್ಲ. ಲುಯಿಸ ಅದನ್ನ ಮಾತಾಡೂದಿಲ್ಲ, ನಾನೂ ಮಾತಾಡೂದಿಲ್ಲ. ಅಷ್ಟ.

ಕೆಲಸಾ ನಡದೈತಿ. ಎಲ್ಲಾ ಮರಕ್ಕೂ ಹಗ್ಗಾ ಮುಟ್ಟೇತಿ. ಪರಸಪ್ಪ ದಿನಾ ಕೇಳತಾನ, "ಬಟ್ಟಿ ಅಂಗಡಿ ಮಾಲಕ್ರು ಯಾವಾಗ ಬರತಾರು?" ಅಂತ. ಕವದಿ ನಡುವ ತೂತು ಹಂಗ ಐತಿ.

ಆಕಿಗೆ ನೀನ ಹೇಳಬೇಕು. ನಾ ಹೇಳೂದಿಲ್ಲ. ನಾ ಹೇಳಿದ್ರ ಆಕಿ ನನ್ನ ಕಡೆ ಬರತಾಳ, ಅದೂ ನಿನ್ನ ಕಡಿಂದ ಕಸಗೊಂಡಂಗ ಆಗತೈತಿ. ಮಳಿ ಬರೂದ್ರಾಗ ಹೇಳು.

ಮಾರ್ಗೀ


ಮನೆಯಿಂದ
9 ಏಪ್ರಿಲ್ 2024

ಜಾಸ್ಮಿನ,

ಪಕ್ಕದ ಕೋಣೆಯಲ್ಲಿ ಮಲಗಿದವಳಿಗೆ ಪತ್ರ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ರೋಜಾ ತಿಂಗಳು ಪೂರಾ ಪ್ರಯತ್ನಿಸಿದೆ. ಇಫ್ತಾರಿನ ಹೊತ್ತಿಗೆ ನೀನು ಖರ್ಜೂರದ ತಟ್ಟೆ ನನ್ನ ಕಡೆ ಸರಿಸುತ್ತಿದ್ದೆ, ನಾನು ಶರಬತ್ತು ತರುವ ನೆವದಲ್ಲಿ ಎದ್ದು ಹೋಗುತ್ತಿದ್ದೆ.

ಸುಭಾಸನಿಗೆ ಹೇಳಿದವಳು ನಾನು. ಹೆಸರು ಹೇಳಬೇಡ ಎಂದವಳೂ ನಾನೇ. ನಿನಗೆ ಎತ್ತರದ ಭಯವಿದೆಯೆಂದು ಮಾರ್ಗರೀಟಾ ನನಗೊಬ್ಬಳಿಗೆ ಬರೆದಿದ್ದಳು. ಅದು ಅವಳ ತಪ್ಪು, ಅವಳೇ ನಿನಗೆ ಹೇಳಿಕೊಳ್ಳಲಿ. ಉಳಿದದ್ದು ನನ್ನದು. ನೀನು ಬೀಳುತ್ತೀ ಎಂದಲ್ಲ. ನೀನು ನನ್ನನ್ನು ಬಿಟ್ಟು ಅವಳನ್ನು ನಂಬಿದೆ ಎಂದು.

ಇನ್ನೂ ಒಂದಿದೆ. ನಿನ್ನ ಚಿಕ್ಕಂದಿನ ಬಟ್ಟೆ ಒಂದೂ ಉಳಿದಿಲ್ಲವೆಂದು ಅವಳಿಗೆ ಬರೆದಿದ್ದೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹಳದಿ ಅಂಗಿ ಇದೆ. ನೀನು ಅದನ್ನು ತೊಟ್ಟು ಮೊದಲ ಸಲ ನಡೆದೆ.

ಸುಭಾಸನಿಗೆ ನಿನ್ನೆ ಫೋನ್ ಮಾಡಿದೆ. ಮಗಳ ಕೆಲಸದಲ್ಲಿ ನಾನು ಕೈ ಹಾಕಬಾರದಿತ್ತು, ಅವಳನ್ನೇ ಕೇಳಿ ನೀನು ತೀರ್ಮಾನಿಸು ಎಂದೆ.

ಈ ಪತ್ರವನ್ನು ಹಬ್ಬದ ಬಟ್ಟೆಯ ಮಡಿಕೆಯಲ್ಲಿ ಇಡುತ್ತಿದ್ದೇನೆ. ಈದಿನ ಬೆಳಿಗ್ಗೆ ನೀನು ನನ್ನನ್ನು ತಬ್ಬಿಕೊಳ್ಳುವ ಮೊದಲು ಇದನ್ನು ಓದಿರಬೇಕು. ಓದಿದ ಮೇಲೆ ತಬ್ಬದಿದ್ದರೂ ಸರಿ.

ಅಮ್ಮಿ


ಜೋಯಿಡಾ ತಾಲೂಕು
5 ಮೇ 2024

ಅಮ್ಮೀ,

ಹಬ್ಬದ ದಿನ ಮಾತಾಡದೆ ಬಂದದ್ದಕ್ಕೆ ಈ ಪತ್ರ. ಸಿಟ್ಟು ಇನ್ನೂ ಇದೆ. ನಿನ್ನ ಮೇಲೂ, ಮಾಯ್ ಮೇಲೂ. ನೀವಿಬ್ಬರೂ ನನ್ನನ್ನು ನಡುವೆ ಇಟ್ಟುಕೊಂಡು ಹಗ್ಗ ಜಗ್ಗಿದಿರಿ. ಮಾಯ್ ಎಲ್ಲ ಹೇಳಿದರು, ಅತ್ತರು. ಅವರು ಅಳುವುದನ್ನು ನೋಡಿ ಸಾಕು ಮಾಡಿ ಎಂದೆ. ಈಗ ಅವರ ಮನೆಯಲ್ಲೇ ಇದ್ದೇನೆ.

ನಿನಗೆ ಯಾಕೆ ಹೇಳಲಿಲ್ಲ ಗೊತ್ತೇ? ನಾನು ಹೆದರಿದರೆ ನೀನು ನನಗಿಂತ ಹೆಚ್ಚು ಹೆದರುತ್ತೀ. ಆಮೇಲೆ ನಾನು ನಿನ್ನ ಹೆದರಿಕೆಯನ್ನೂ ಹೊರಬೇಕು. ಮಾಯ್‌ಗೆ ಹೇಳಿದರೆ ಅವರು "ಹೌದಾ? ಕೈ ತೊಳಕೋ, ಉಣ್ಣು" ಎಂದರು. ನಂಬಿಕೆಯ ಪ್ರಶ್ನೆಯಲ್ಲ ಅದು.

ಸುಭಾಸ ಸರ್ ನನ್ನನ್ನು ಇಲ್ಲಿಗೆ ತಿರುಗಿ ಕರೆದಿದ್ದಾರೆ, ಒಂದು ಷರತ್ತಿನ ಮೇಲೆ. ಮರಳಿನ ಚೀಲ ಹೇರಿ ಭಾರ ನೋಡಿದ ಮೇಲೆ ಮೊದಲು ದಾಟುವವಳು ನಾನೇ ಆಗಬೇಕು, ಪೂರ್ತಿ, ಈ ತುದಿಯಿಂದ ಆ ತುದಿಗೆ. ಆಗದಿದ್ದರೆ ಮತ್ತೆ ಹಳಿಯಾಳ. ಇದು ನ್ಯಾಯವೇ.

ಆ ದಿನ ನೀನು ಬರಬೇಡ. ನೀನು ಕೆಳಗೆ ನಿಂತಿದ್ದೀ ಎಂದು ಗೊತ್ತಾದರೆ ನಾನು ಕೆಳಗೆ ನೋಡುತ್ತೇನೆ. ಮಾಯ್ ಇರುತ್ತಾರೆ.

ಇದು ನಿನಗೆ ನೋವಾಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮುಚ್ಚಿಡಬಾರದೆಂದು.

ಜಾಸ್ಮಿನ


ದಾಂಡೇಲಿ
8 ಮೇ 2024

ಮಾರ್ಗೀ,

ನಾನು ಬರುವುದಿಲ್ಲ. ನೀನು ಇರುತ್ತೀ. ಇದನ್ನು ಬರೆಯುವುದು ಎಷ್ಟು ಕಷ್ಟವೆಂದು ನಿನಗೊಬ್ಬಳಿಗೆ ಗೊತ್ತಾದೀತು.

ಹಳದಿ ಅಂಗಿ ಪೆಟ್ಟಿಗೆಯಲ್ಲಿದೆ. ನಿನ್ನೆ ಅದನ್ನು ಹೊರತೆಗೆದು ಕತ್ತರಿ ಹಿಡಿದು ಕೂತೆ. ಆಗಲಿಲ್ಲ. ಕೊಡುವುದಿಲ್ಲ. ಅಷ್ಟು ಹೊಟ್ಟೆಕಿಚ್ಚು ನನಗೆ ಬಿಟ್ಟುಬಿಡು.

ಬದಲಿಗೆ ನನ್ನ ನೀಲಿ ಸೀರೆ ಕಳಿಸುತ್ತಿದ್ದೇನೆ. ಮೊದಲ ಪಗಾರದಲ್ಲಿ ಕೊಂಡದ್ದು. ಅವಳು ಹೊಟ್ಟೆಯಲ್ಲಿದ್ದಾಗ ಇದನ್ನುಟ್ಟೇ ಶಾಲೆಗೆ ಹೋಗುತ್ತಿದ್ದೆ. ಅಂಗಿಗಿಂತ ಹಿಂದಿನದು ಇದು. ಎಲ್ಲಿ ಹಚ್ಚುತ್ತೀಯೋ ನಿನಗೆ ಬಿಟ್ಟದ್ದು.

ರಹೀಮಾ


ಜೋಯಿಡಾ ತಾಲೂಕು
27 ಮೇ 2024

ರಹೀಮಾ,

ದಾಟಿದ್ಲು. ಮೊದಲ ಅದನ್ನ ಬರದಬಿಟ್ನಿ, ಇಲ್ಲಂದ್ರ ನೀ ಕಡೀ ಸಾಲಿಗೆ ಹಾರತಿದ್ದಿ.

ನಿನ್ನ ಸೀರಿ ಬಂದಾಗ ನನ್ನ ಸೀರಿ ಕತ್ತರಿಸಿ ಇಟ್ಟಿದ್ನಿ, ನಡುವಿಗೆ. ಟಾಕಾ ಹಾಕೂದ ಬಾಕಿ ಇತ್ತು. ನಿನ್ನದನ್ನ ಅಂಚಿನ ಕಡೆ ಎಲ್ಲ್ಯರೆ ತೂರಸಿಬಿಡೂಣು ಅಂತನೂ ಅನಿಸ್ತು, ಸುಳ್ಳ ಯಾಕ ಹೇಳಲಿ. ಆದ್ರ ಕಡೀಗೆ ಬಂದದ್ದು ನಡುವ ಬೀಳಬೇಕು, ನಮ್ಮ ಹೊಲಿಗಿ ಪದ್ಧತಿ ಅದು. ಮನಸಿಲ್ಲದ ಮನಸಿಲೆ ಹಚ್ಚೇನಿ. ನಾಕೂ ಮೂಲಿ ಹೂ ಮಾತ್ರ ನನ್ನ ಸೀರೀವು. ಅವನ್ನ ಬಿಟ್ಟುಕೊಡೂದಿಲ್ಲ.

ಶನಿವಾರ ಮುಂಜಾನೆ ಸುಭಾಸ ಸಾಹೇಬ್ರು, ಪರಸಪ್ಪ, ಕೆಲಸದವರು ಎಲ್ಲಾರೂ ಇದ್ರು. ಲುಯಿಸ ಆಚಿ ಮರದ ಅಟ್ಟಣಿ ಮ್ಯಾಲಿದ್ದ. ಜಾಸ್ಮಿನ ಸೊಂಟಕ್ಕ ಪಟ್ಟಾ ಹಾಕೊಂಡು ನಿಂತಿದ್ಲು, ಮಾರಿ ಬಿಳಚಿಕೊಂಡಿತ್ತು. ಎಲ್ಲಾರ ಮುಂದ ಕೂಗಲೋ ಬ್ಯಾಡೋ ಅಂತ ನಾ ನೋಡಿದ್ನಿ. ಆಕೀನ ಕೂಗ್ರಿ ಅಂತ ಕಣ್ಣಸನ್ನಿ ಮಾಡಿದ್ಲು.

"ಮುಂದಿನ ತುಂಡು ಯಾರದು?"

"ಮಾಲವ್ವಜ್ಜಿ ಹಸರ ಸೀರಿ."

ಸುಭಾಸ ಸಾಹೇಬ್ರಿಗೆ ಏನೂ ತಿಳೀವಲ್ದು. ಪರಸಪ್ಪ ಅವರ ಕಿವ್ಯಾಗ ಏನೋ ಹೇಳಿದ. ಆಮ್ಯಾಲ ಮ್ಯಾಲ ನೋಡಿ, "ಇಂಜಿನಿಯರ್ ಬಾಯಾರ, ನಂದೂ ಒಂದು ತುಂಡು ಹಚ್ಚ್ರಿ, ಹಳೇ ಟವಲ್ ಐತಿ" ಅಂತ ಒದರಿದ. ಆಕಿ ನಕ್ಲು. ನಕ್ಕಾಗ ಹಗ್ಗಾ ಅಳ್ಳಾಡಿತು, ನಗೂದು ನಿಂತಿತು. ನಾ ಬಿಡಲಿಲ್ಲ, ಕೂಗಿಕೋತ ಕೆಳಗ ನಡದ್ನಿ. ಲುಂಗಿ, ನನ್ನ ಮದಿವಿ ಜಂಪರು, ಒಂದೊಂದ ಹೇಳಿಕೋತ ನಡುವಿಗೆ ಬಂದ್ಲು. ಯಾವಾಗಲೂ ತಿರುಗೂ ಜಾಗಾ.

"ಮುಂದಿನ ತುಂಡು ಯಾರದು?" ಅಂದ್ನಿ.

ಆಚಿ ಮರದ ಕಡೆ ನೋಡಿದ್ಲು. ಆಮ್ಯಾಲ "ಅಮ್ಮೀದು" ಅಂದ್ಲು. ಹೆಜ್ಜಿ ಇಟ್ಲು. ಅಲ್ಲೇ ನಿಂತ್ಲು.

ನಾ ಮುಂದಿಂದು ಕೇಳಬೇಕಿತ್ತು. ಬಾಯಿತನಕಾ ಬಂದಿತ್ತು. ತಡಕೊಂಡ್ನಿ. ಆಮ್ಯಾಲ ಆಕೀನ ನಡದ್ಲು, ನಾ ಕೇಳದನ. ಅಲ್ಲಿಂದ ಆಚಿತನಕಾ ನನ್ನ ಕಡೆ ನೋಡಲಿಲ್ಲ, ಯಾರ ಹೆಸರೂ ಹೇಳಲಿಲ್ಲ. ಲುಯಿಸ ಕೈ ಚಾಚಿದ, ಆಕಿ ಹಿಡೀಲಿಲ್ಲ. ತಾನ ಅಟ್ಟಣಿ ಹತ್ತಿದ್ಲು.

ಆಕಿ ದಾಟಿದ್ದಕ್ಕ ನನಗ ಸಂತೋಷನೂ ಆತು. ನನ್ನ ಧ್ವನಿ ಬೇಡಾತಲ್ಲ ಅಂತ ಇನ್ನೊಂದೂ ಆತು. ಆ ಇನ್ನೊಂದು ಏನು ಅಂತ ನಿನಗ ಬಿಡಿಸಿ ಹೇಳೂದು ಬ್ಯಾಡ.

ಮಾರ್ಗೀ


ದಾಂಡೇಲಿ
28 ಮೇ 2024

ಮಾರ್ಗೀ,

ದುರ್ಗಪ್ಪನವರಿಗೆ ಚಹಾ ಕೊಟ್ಟು ಬಾಗಿಲಲ್ಲೇ ಕೂರಿಸಿ ಬರೆಯುತ್ತಿದ್ದೇನೆ. ಮೋಡ ಕವಿದಿದೆ, ಮಳೆಗೆ ಮೊದಲು ಹೊರಡಬೇಕೆಂದು ಅವಸರ ಮಾಡುತ್ತಿದ್ದಾರೆ.

ನಿನ್ನ ಪತ್ರವನ್ನು ಅವಳ ಅಬ್ಬಾಗೆ ಓದಿ ಹೇಳಿದೆ. ಅವರು ಕಣ್ಣೊರೆಸಿಕೊಂಡು, ಬೋಲ್ಟು ಸರಿಯಾಗಿದ್ದವಂತೇನು ಎಂದು ಕೇಳಿದರು.

ನೀನು ಪರಸಪ್ಪನ ಟವಲನ್ನೂ ಬಿಡದೆ ಬರೆದಿದ್ದೀ. ಒಂದನ್ನು ಬರೆದಿಲ್ಲ. ಬೇಕೆಂದೇ ಬಿಟ್ಟಿದ್ದೀ, ನಿನ್ನನ್ನು ನಾನು ಬಲ್ಲೆ. ಅಮ್ಮೀದು ಎಂದ ಮೇಲೆ ಅವಳು ಅಲ್ಲಿ ಎಷ್ಟು ಹೊತ್ತು ನಿಂತಳು? ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳೇ, ಒಂದು ಕೈ ಬಿಟ್ಟಿದ್ದಳೇ? ಕೆಳಗೆ ನೋಡಿದಳೇ? ನಿನ್ನ ಸೀರೆಯ ತುಂಡು ಆ ನಡುವಿನಲ್ಲಿ ಇದ್ದಿದ್ದರೆ ಅಷ್ಟು ಹೊತ್ತು ನಿಲ್ಲುತ್ತಿದ್ದಳೇ?

ಕೊನೆಯದಕ್ಕೆ ಉತ್ತರ ಬೇಡ. ಉಳಿದದ್ದನ್ನೆಲ್ಲ ಬರೆ. ಇವತ್ತೇ ಬರೆ. ದುರ್ಗಪ್ಪ ಅಲ್ಲಿಂದ ತಿರುಗಿ ಬರುವವರೆಗೆ ನಾನು ಬಾಗಿಲು ಹಾಕುವುದಿಲ್ಲ.

ನಿನ್ನ
ರಹೀಮಾ